ಪ್ರಯೂನ್ ಮಾಮನ ರುಚಿ

ಬ್ಯಾಂಕಾಕಿನಲ್ಲಿ ಪ್ರವಾಸಿಗರು ಮುತ್ತಿಕೊಂಡ ಅಂಗಡಿಯ ನೂಡಲ್ಸನ್ನು ಪ್ರಯೂನ್ ಮಾಮ ಮೂಸಿಯೂ ನೋಡುವುದಿಲ್ಲ. "ಗೋಡೆ ಮೇಲೆ ತಿಂಡಿ ಫೋಟೊ ಅಂಟಿಸಿದಾರೆ ಅಂದ್ರೆ ಕೈರುಚಿ ಮೇಲೆ ನಂಬಿಕೆ ಇಲ್ಲ ಅಂತ ಕಣೋ" ಎಂದು ಮೂಗು ಮುರಿದು ಕಾಲುವೆಯ ಹಿಂದಿನ ಓಣಿಗಳಿಗೆ ನುಗ್ಗುತ್ತಾನೆ. ಮೂವತ್ತು ವರ್ಷ ಕಾಲುವೆ ದೋಣಿಯಲ್ಲಿ ಟಿಕೆಟ್ ಹರಿದುಕೊಟ್ಟವನಿಗೆ ಗೊತ್ತಿಲ್ಲದ ಓಣಿಯಿಲ್ಲ. ಎಲ್ಲರೂ ಬೆರೆಸಿಕೊಳ್ಳುವ ಸಕ್ಕರೆ, ಖಾರ, ಹುಳಿಯ ಡಬ್ಬಿಗಳನ್ನು ಮುಟ್ಟದೆ ಒಂದು ಚಮಚ ಸಾರು ಕುಡಿದು, "ಚೆನ್ನಾಗಿದೆ" ಎಂದು ನಿಟ್ಟುಸಿರು ಬಿಡುತ್ತಾನೆ. "ಚೆನ್ನಾಗಿದ್ರೆ ಮುಖ ಯಾಕಯ್ಯಾ ಹಂಗೆ?" ಎಂದು ಅಂಗಡಿಯವರು ರೇಗಿಸುತ್ತಾರೆ. ಅವನು ಹೊಗಳಿದ ಅಂಗಡಿಗೆ ಮರುದಿನ ಓಣಿಯೇ ಸಾಲುಗಟ್ಟುತ್ತದೆ, ಅವನು ಮಾತ್ರ ಮತ್ತೆ ಹೋಗುವುದಿಲ್ಲ. ತೀರಿಹೋದ ಹೆಂಡತಿ ಲಮಾಯ್ ದೋಣಿಕಟ್ಟೆಯಲ್ಲಿ ನೂಡಲ್ಸ್ ಮಾರುತ್ತಿದ್ದಳು. ಅವನ ದೋಣಿಯ ಸೀಟಿ ಕೇಳಿದೊಡನೆ ಅವಳು ತಲೆಯೆತ್ತಿ ನೋಡುತ್ತ ನಿಂತುಬಿಡುತ್ತಿದ್ದಳು, ಬಾಣಲೆಯ ಬೆಳ್ಳುಳ್ಳಿ ದಿನವೂ ಸೀದುಹೋಗುತ್ತಿತ್ತು. ಮೊನ್ನೆ ಮಸೀದಿಯ ಹಿಂದಿನ ಓಣಿಯಲ್ಲಿ ನೂಡಲ್ಸ್ ಮಾರುವವಳೊಬ್ಬಳು, "ಬೆಳ್ಳುಳ್ಳಿ ಸೀದೋಗಿದೆ ಮಾಮ, ಬೇರೆ ಮಾಡ್ಕೊಡ್ತೀನಿ" ಎಂದು ಬಟ್ಟಲಿಗೆ ಕೈಹಾಕಿದಳು. ಪ್ರಯೂನ್ ಮಾಮ ಅದನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡ. "ಇರ್ಲಿ ಬಿಡು ಮಗಳೇ" ಎಂದ. "ಯಾರ ಕಡೆ ನೋಡ್ತಿದ್ದೆ?"