ನೆರಳು ಕೇಳಿದ ಸುಶೀಲಕ್ಕ

ಮೇ ತಿಂಗಳ ಮಧ್ಯಾಹ್ನ ಬೆಲ್ ಒತ್ತಿದರೆ ಸುಶೀಲಕ್ಕ ತಲೆಯ ಮೇಲೆ ಒದ್ದೆ ಟವೆಲ್ ಹೊದ್ದುಕೊಂಡೇ ಬಾಗಿಲು ತೆರೆಯುತ್ತಿದ್ದರು. ಅದರ ಅಂಚಿನಿಂದ ನೀರು ತೊಟ್ಟಿಕ್ಕಿ ಭುಜವೆಲ್ಲ ತೋಯ್ದಿರುತ್ತಿತ್ತು. "ಹಂಗ್ಯಾಕ ನೋಡ್ತಿ ವಿಜಿ? ಇದು ನನ್ನ ಏಸಿ. ಲೈಟ್ ಬಿಲ್ ಬರೂದಿಲ್ಲ," ಎಂದು ಒಳಗೆ ಕರೆಯುತ್ತಿದ್ದರು.

ವಡಾಲದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅವರದು ಕೊನೆಯ ಮಾಳಿಗೆ. ಮೇಲೆ ಬರಿಯ ಸ್ಲ್ಯಾಬು, ಅದರ ಮೇಲೆ ಸೂರ್ಯ. ನಾವಿದ್ದದ್ದು ಅವರಿಗಿಂತ ಎರಡು ಮಾಳಿಗೆ ಕೆಳಗೆ. ಧಾರವಾಡದ ಅವರು ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ನನಗೆ ಲೋಕಲ್ ರೈಲು ಹತ್ತುವುದನ್ನು ಕಲಿಸಿದವರು ಅವರೇ. "ಗಾಡಿ ಬರೂದಕ್ಕಿಂತ ಮೊದಲ ವಿಚಾರ ಮಾಡಿ ಮುಗಿಸು. ಬಂದಮ್ಯಾಲ ವಿಚಾರ ಮಾಡಬ್ಯಾಡ, ಹತ್ತು." ಅವರು ಬದುಕಿದ್ದೂ ಹಾಗೆಯೇ ಎಂದು ನನಗೆ ಆಮೇಲೆ ತಿಳಿಯಿತು.

ಅವರ ಯಜಮಾನರಿಗೆ ಹೃದಯದ ಕಾಯಿಲೆಯಿತ್ತು. ಅವರು ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕೆ. ಸಂಜೆಯ ಹೊತ್ತಿಗೆ ಅದು ಕಾದ ಹೆಂಚಿನಂತಾಗುತ್ತಿತ್ತು. ಅವರಿಗೆಂದೇ ಹಾಕಿಸಿದ ಏಸಿ ಇಡೀ ದಿನ ಗುಂಯ್ ಎಂದರೂ ಕೋಣೆ ತಣಿಯುತ್ತಿರಲಿಲ್ಲ. ಅವರ ಕೊನೆಯ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸುಶೀಲಕ್ಕ ಅವರನ್ನು ಮೆಲ್ಲಗೆ ನಡೆಸಿಕೊಂಡು ಬಂದು ನಮ್ಮ ಮನೆಯ ಹಾಲ್‌ನಲ್ಲಿ ಮಲಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಮ್ಮೆ ಸುಶೀಲಕ್ಕ ಅಂದರು: "ಅವರನ್ನ ಬ್ಯಾನಿ ಒಯ್ತು, ಖರೆ. ಆದರ ಆ ಖೋಲಿ ಅವರಿಗೆ ಒಂದು ದಿನಾನೂ ಛಂದಾಗಿ ನಿದ್ದಿ ಕೊಡಲಿಲ್ಲ."

ಮುಂದೆ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟಿಕೊಡಲು ಬಿಲ್ಡರ್ ಒಬ್ಬ ಬಂದ. ಸೊಸೈಟಿಯ ಸಭೆಯಲ್ಲಿ ಅವನ ಆರ್ಕಿಟೆಕ್ಟ್, ಚಿಕ್ಕ ವಯಸ್ಸಿನ ಮರಾಠಿ ಹುಡುಗಿ, ಚಿತ್ರ ತೋರಿಸಿದಳು. ಬುಡದಿಂದ ತುದಿಯ ತನಕ ಮಿರಿಮಿರಿ ಮಿಂಚುವ ಗಾಜು. ನಾವೆಲ್ಲ ಕೋಣೆ ಎಷ್ಟು ದೊಡ್ಡದು, ಪಾರ್ಕಿಂಗ್ ಎಲ್ಲಿ ಎಂದು ಕೇಳುತ್ತಿದ್ದೆವು. ಸುಶೀಲಕ್ಕ ಮಾತ್ರ ಮರಾಠಿಯಲ್ಲಿ ಬೇರೆಯೇ ಕೇಳಿದರು, ಪಶ್ಚಿಮಕ್ಕೆ ಇಷ್ಟು ಗಾಜು ಹಚ್ಚಿದ್ದೀರಿ, ಅದಕ್ಕೆ ನೆರಳು ಎಲ್ಲಿದೆ ಎಂದು. ಪ್ರತಿ ಕೋಣೆಗೂ ಏಸಿ ಪಾಯಿಂಟ್ ಇದೆಯಲ್ಲ ಆಂಟಿ ಎಂದಳು ಹುಡುಗಿ. "ಅದು ರೋಗ ಬಂದ ಮೇಲಿನ ಔಷಧಿ. ರೋಗ ಬಾರದ ಹಾಗೆ ಏನು ಮಾಡಿದ್ದೀರಿ?" ಎಂದರು ಸುಶೀಲಕ್ಕ. ಜನ ನಕ್ಕರು. ಹುಡುಗಿ ನಗಲಿಲ್ಲ.

ಸಭೆ ಮುಗಿದ ಮೇಲೆ ಅವಳು ಕೊನೆಯ ಮಾಳಿಗೆಗೆ ಹತ್ತಿ ಬಂದಳು. ಹೊಸದಾಗಿ ಕಟ್ಟುವ ಮನೆಗಳು ಎಷ್ಟು ಬಿಸಿಲನ್ನು ಒಳಗೆ ಬಿಡಬಹುದು, ಕಿಟಕಿ ಎಷ್ಟು ತೆರೆಯಬೇಕು ಎಂಬುದಕ್ಕೆಲ್ಲ ಸರ್ಕಾರದ್ದೇ ನಿಯಮಗಳಿವೆ, ಆದರೆ ಅವು ಇಲ್ಲಿ ಕಡ್ಡಾಯವಲ್ಲವಾದ್ದರಿಂದ ಕೇಳುವವರೇ ಇಲ್ಲ ಎಂದಳು. ಅವಳಿಗೂ ಹಾಗೆ ಕಟ್ಟುವ ಆಸೆಯಿತ್ತು.

ಮುಂದಿನ ಸಭೆಯನ್ನು ಸುಶೀಲಕ್ಕ ತಮ್ಮ ಮನೆಯಲ್ಲೇ, ಆ ಪಶ್ಚಿಮದ ಕೋಣೆಯಲ್ಲೇ, ಸುಡುವ ಮಧ್ಯಾಹ್ನವೇ ಕರೆದರು. ಏಸಿಯನ್ನು ಬೇಕೆಂದೇ ಬಂದ್ ಮಾಡಿದ್ದರು. ಬೈಕುಲ್ಲಾದಲ್ಲಿ ಹೋಟೆಲು ನಡೆಸುವ ನಮ್ಮ ಸೆಕ್ರೆಟರಿ ಶೆಟ್ರು ಕತ್ತು ಒರೆಸಿಕೊಂಡು, "ಎಂಥದು ಸುಶೀಲಕ್ಕ, ಏಸಿ ಹಾಕಿ ಮಾರಾಯ್ರೆ," ಎಂದರು.

"ಹಾಕ್ತೀನಿ. ಅದಕ್ಕೂ ಮೊದಲ ಹೇಳ್ರಿ, ಹೊಸಾ ಬಿಲ್ಡಿಂಗಿನ್ಯಾಗೂ ಹಿಂಗ ಕೂಡೋಣೇನು?"

ಶೆಟ್ರಿಗೆ ಸಿಟ್ಟು ಬಂತು. "ನೀವು ಹೀಗೆ ಪಟ್ಟು ಹಿಡಿದು ಬಿಲ್ಡರ್ ಎದ್ದು ಹೋದರೆ ಏನು ಮಾಡುವುದು? ಮಳೆಗಾಲದಲ್ಲಿ ನನ್ನ ಮಗಳ ಮಂಚದ ಮೇಲೆ ಪ್ಲಾಸ್ಟರ್ ಬಿದ್ದಿದೆ. ಅವಳು ಏಳುವುದು ಸ್ವಲ್ಪ ತಡ ಆಗಿದ್ದರೆ... ನಮಗೆ ಮೊದಲು ಬೀಳದ ಮನೆ ಬೇಕು. ನಿಮ್ಮ ನೆರಳು ಆಮೇಲೆ."

ಸುಶೀಲಕ್ಕನಿಗೆ ಈ ಮಾತು ತಟ್ಟಿತು. ಎದ್ದು ಏಸಿ ಹಾಕಿದರು, ಎಲ್ಲರಿಗೂ ಕೋಕಂ ಶರಬತ್ತು ಕೊಟ್ಟರು. ಮರುದಿನ ನನ್ನನ್ನು ಕರೆದುಕೊಂಡು ಶೆಟ್ರ ಮನೆಗೆ ಹೋದರು. "ನಿಮ್ಮ ಮಾತು ಖರೆ ಅದರಿ. ನನ್ನಿಂದ ಕರಾರಿನ ಸಹಿ ತಡಾ ಆಗೂದಿಲ್ಲ. ಆದರ ಸಹಿ ಆದಮ್ಯಾಲ ನಮ್ಮನ್ನ ಯಾರು ಕೇಳ್ತಾರ? ಈಗ ಒಮ್ಮೆ ನನ್ನ ಜೋಡಿ ಬಿಲ್ಡರ್ ಕಡೆ ಬರ್ರಿ. ಅವರು ಒಲ್ಲೆ ಅಂದರ ನಾನ ಮೊದಲ ಸಹಿ ಹಾಕ್ತೀನಿ." ಶೆಟ್ರು ತುಸು ಹೊತ್ತು ಮಗಳ ಕೋಣೆಯ ಕಡೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿದರು.

ಬಿಲ್ಡರನ ಆಫೀಸಿನಲ್ಲಿ ನಾನೂ ಇದ್ದೆ. ನೆರಳು, ತೆರೆಯುವ ಕಿಟಕಿ, ಇದೆಲ್ಲ ಕಡ್ಡಾಯವಲ್ಲ ಎಂದ ಆತ. ಕಡ್ಡಾಯವಲ್ಲ ಎಂದರೆ ಮಾಡಬಾರದು ಎಂದಲ್ಲವಲ್ಲ, ಎಂದರು ಸುಶೀಲಕ್ಕ. ಖರ್ಚು ಹೆಚ್ಚುವುದಾದರೆ ಕೆಳಗಿನ ಗಾಜಿನ ಲಾಬಿ ಬಿಟ್ಟುಬಿಡಿ ಎಂದೂ ಹೇಳಿದರು. ಆತ ಶೆಟ್ರ ಮುಖ ನೋಡಿದ. ಶೆಟ್ರು ತಮ್ಮ ಹೋಟೆಲ್ ಹಿಂದಿಯಲ್ಲಿ, "ಲಾಬಿಯಲ್ಲಿ ಯಾರೂ ಮಲಗುವುದಿಲ್ಲ ಸೇಠ್," ಎಂದರು. ಪಕ್ಕದಲ್ಲಿದ್ದ ಆರ್ಕಿಟೆಕ್ಟ್ ಹುಡುಗಿ ಆಗಲೇ ಬೇರೆ ನಕ್ಷೆ ಬಿಚ್ಚಿದ್ದಳು.

ಎಲ್ಲವೂ ಸಿಗಲಿಲ್ಲ. ಶಾಖ ತಡೆಯುವ ಜೋಡಿ ಗಾಜನ್ನು ಆತ ಒಪ್ಪಲೇ ಇಲ್ಲ. ಆದರೆ ಗಾಜಿನ ಗೋಡೆ ಹೋಗಿ ಪೂರ್ತಿ ತೆರೆಯುವ ಕಿಟಕಿಗಳು ಬಂದವು, ಅವುಗಳ ಮೇಲೆ ಬಿಸಿಲಿಗೆ ಮರೆಯಾಗಿ ಚಾಚಿದ ಅಗಲವಾದ ಛಜ್ಜಾ ಬಂತು. ಪಶ್ಚಿಮದ ಗೋಡೆಗೆ ಶಾಖವನ್ನು ಬೇಗ ಒಳಗೆ ಬಿಡದ ಹಗುರ ಇಟ್ಟಿಗೆ, ಟೆರೇಸಿಗೆ ಬಿಳಿ ಟೈಲು.

ಕಟ್ಟಡ ಏಳುವ ತನಕ ನಾವೆಲ್ಲ ದಿಕ್ಕಿಗೊಬ್ಬರಾದೆವು. ಸುಶೀಲಕ್ಕ ಅಂಧೇರಿಯಲ್ಲಿ ತಂಗಿಯ ಮಗಳ ಮನೆಯ ಹತ್ತಿರ ಬಾಡಿಗೆಗಿದ್ದರು. ನಾನು ಕೊನೆಯ ಸಲ ನೋಡಿದ್ದು ಅಲ್ಲೇ. ತುಂಬ ಇಳಿದುಹೋಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು. ಹೊಸ ಬಿಲ್ಡಿಂಗಿನಲ್ಲೂ ಕೊನೆಯ ಮಾಳಿಗೆಯನ್ನೇ ಕೇಳಿದ್ದೇನೆ ಎಂದರು.

"ಈ ವಯಸ್ಸಿನಲ್ಲಿ ಮತ್ತೆ ಅಲ್ಲೇ ಯಾಕಕ್ಕ?"

"ನಾ ಕೇಳಿದ್ದು ಖರೆ ಆಗ್ಯದೋ ಇಲ್ಲೋ ಅಲ್ಲೇ ಗೊತ್ತಾಗೂದು. ನಾ ಇರದಿದ್ರ ಬ್ಯಾರೆ ಯಾರರೆ ಇರ್ತಾರ. ಅವರಿಗರೆ ಗೊತ್ತಾಗ್ತದಲ್ಲ."

ಹೊಸ ಮನೆಯ ಬೀಗದ ಕೈ ಸಿಗುವ ಮೊದಲೇ ಸುಶೀಲಕ್ಕ ತೀರಿಕೊಂಡರು. ಕೊನೆಯ ಮಾಳಿಗೆಯ ಅವರ ಮನೆಯಲ್ಲೀಗ ಬಾಡಿಗೆಗೆ ಬಂದ ಒಂದು ಎಳೆಯ ಜೋಡಿಯಿದೆ. ಈ ಬೇಸಿಗೆಯ ಒಂದು ಮಧ್ಯಾಹ್ನ ಸೊಸೈಟಿಯ ಕೆಲಸಕ್ಕೆಂದು ಹೋಗಿ ಬಾಗಿಲು ತಟ್ಟಿದೆ. ಹುಡುಗಿ ಅರ್ಧ ತೆರೆದು ತುಟಿಗೆ ಬೆರಳಿಟ್ಟಳು. ಒಳಗೆ, ಪಶ್ಚಿಮದ ಕೋಣೆಯಲ್ಲಿ, ತೆರೆದ ಕಿಟಕಿಯ ಪಕ್ಕ ತೊಟ್ಟಿಲು. ಫ್ಯಾನು ಸಣ್ಣಗೆ ತಿರುಗುತ್ತಿತ್ತು.

"ಏಸಿ ಕೆಟ್ಟಿದೆಯೇನಮ್ಮ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಇಲ್ಲ ಆಂಟಿ, ಬೇಕು ಅನ್ನಿಸಲಿಲ್ಲ," ಎಂದಳು.

ಮಗು ಎರಡೂ ಕೈ ಚೆಲ್ಲಿ ಗಾಢವಾಗಿ ಮಲಗಿತ್ತು. ನಾನು ಸದ್ದಾಗದಂತೆ ಬಾಗಿಲೆಳೆದುಕೊಂಡು ಇಳಿದು ಬಂದೆ.