ಮೂಲೆಗೆ ಹಾಕಿದ ಮೆಷಿನ್

ಬಾಯಿ ಅಂದರೆ ಟೈಲರಕ್ಕನದೇ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಶುರು. "ಬನ್ನಿ ಬನ್ನಿ, ನಡಿಗೆ ನೋಡಿದ್ರೇನೇ ಗೊತ್ತಾಗುತ್ತೆ, ನಾಲ್ಕು ತುಂಬಿದೆ. ವಾಂತಿ ನಿಂತಿರಬೇಕಲ್ವಾ? ಇನ್ಮೇಲೆ ಹಸಿವು ನೋಡಿ, ಗಂಡನ ತಟ್ಟೆಗೂ ಕೈ ಹಾಕ್ತೀರ!"

ಬಸುರಿಯರಿಗೆ ಸಡಿಲ ಗೌನು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಪಕ್ಕದ ಹೊಲಿಗೆಯ ಒಳಗೆ ಎರಡೆರಡು ಇಂಚು ಬಟ್ಟೆ ಬಿಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಬಂದರೆ ಟೇಪು ಹಿಡಿದು ಅಳೆದು, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಅಳೆಯುತ್ತಲೇ ಮುಂದಿನದನ್ನೂ ಹೇಳುತ್ತಿದ್ದಳು. ಐದರಲ್ಲಿ ಒಳಗೆ ಗುಳುಗುಳು ಅಂದರೆ ಗ್ಯಾಸು ಅಂದುಕೊಳ್ಳಬೇಡಿ, ಅದೇ ಮಗು. ಮಲಗಿದಾಗ ಕಾಲು ಹಿಡಿದುಕೊಳ್ಳುತ್ತೆ, ಬೆರಳನ್ನು ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆ ತುರಿಸಿದರೆ ಕೆರೆಯಬೇಡಿ, ಎಣ್ಣೆ ಹಚ್ಚಿ. ಏಳನೇ ತಿಂಗಳ ಮಾತು ಬಂದರೆ ಮಾತ್ರ, "ಅದೆಲ್ಲ ಡಾಕ್ಟರನ್ನ ಕೇಳಿ" ಎಂದು ಬಾಯಿ ಮುಚ್ಚುತ್ತಿದ್ದಳು.

ಯಾಕೆಂದರೆ ಅದು ಅವಳಿಗೆ ಗೊತ್ತಿರಲಿಲ್ಲ. ಅವಳ ಬಸಿರು ಆರನೇ ತಿಂಗಳಿಗೇ ಮುಗಿದಿತ್ತು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಶಾಲೆ ತೆರೆಯುವುದರೊಳಗೆ ನೂರಿಪ್ಪತ್ತು ಜೊತೆ ಯೂನಿಫಾರ್ಮ್ ಮುಗಿಸಬೇಕಿತ್ತು. ಬೆಳಗಿನಿಂದ ಸಂಜೆಯವರೆಗೆ ಮೆಷಿನ್ ತುಳಿದದ್ದೇ ತುಳಿದದ್ದು. ಒಂದು ದಿನ ಹೊಟ್ಟೆಯೊಳಗಿನ ಒದೆತ ನಿಂತಿತು. "ಮೆಷಿನ್ ಸದ್ದಿಗೆ ಮಲಗ್ಬಿಟ್ಟಿದೆ, ಜಾಣಮರಿ" ಎಂದು ಗಂಡನ ಹತ್ತಿರ ನಗುತ್ತಾ ಹೇಳಿದಳು. ಮೂರು ದಿನ ಕಳೆದು ಆಸ್ಪತ್ರೆಗೆ ಹೋದಾಗ ಒಳಗೆ ಸದ್ದೇ ಇರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದವಳಿಗೆ ಬಾಗಿಲಲ್ಲೇ ಅತ್ತೆ ಅಂದದ್ದು ಒಂದೇ ಮಾತು: "ತುಳಿದು ತುಳಿದು ಮಗೂನ ತಿಂದ್ಬಿಟ್ಯಲ್ಲೇ." ಗಂಡ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ ಪುಣ್ಯಾತ್ಮ!

ಅತ್ತೆ ಹೋದಳು, ಗಂಡನೂ ಹೋದ. ಆ ಮಾತು ಮಾತ್ರ ಹೋಗಲಿಲ್ಲ. ತುಳಿಯುವ ಮೆಷಿನ್ನನ್ನು ಮೂಲೆಗೆ ತಳ್ಳಿ, ಮೋಟಾರಿನದನ್ನು ತಂದಳು. ಮಾರಲು ಮನಸ್ಸು ಬರಲಿಲ್ಲ, ಮುಟ್ಟಲು ಧೈರ್ಯ ಬರಲಿಲ್ಲ. ಅದರ ಮೇಲೆ ಬಟ್ಟೆಯ ಗಂಟುಗಳನ್ನು ಪೇರಿಸಿ ಕಣ್ಣಿಗೆ ಬೀಳದಂತೆ ಮಾಡಿದ್ದಳು.

ಹೀಗಿರುವಾಗ ಒಂದು ದಿನ, ಅವಳ ಹತ್ತಿರವೇ ಗೌನು ಹೊಲಿಸಿಕೊಂಡಿದ್ದ ಟೀಚರಮ್ಮ ಅದನ್ನು ಸಡಿಲ ಮಾಡಿಸಲು ಬಂದಳು. ಚೊಚ್ಚಲು, ಐದು ತುಂಬಿ ಆರರಲ್ಲಿ ಬಿದ್ದಿತ್ತು. ಹೋದ ಸಲ ಮೂವತ್ತೇಳು ಇಂಚು ಇದ್ದ ಹೊಟ್ಟೆ ಇವತ್ತು ಮೂವತ್ತಾರೂವರೆ. ಟೇಪು ಜಾರಿರಬೇಕು ಎಂದು ಮತ್ತೊಮ್ಮೆ ಹಿಡಿದಳು. ಮೂರನೆಯ ಸಲವೂ ಅಷ್ಟೇ.

"ಮಗು ಹೇಗಾಡ್ತಿದೆ?"

"ಜಾಣ ಆಗ್ಬಿಟ್ಟಿದೆ ಅಕ್ಕ. ಮೊನ್ನೆಯಿಂದ ಒದ್ದೇ ಇಲ್ಲ, ಮಲಗಿರ್ಬೇಕು."

ಟೈಲರಕ್ಕ ಟೇಪು ಕೆಳಗಿಟ್ಟಳು. "ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣ ನಡೀರಿ" ಎಂದು, ಅಂಗಡಿಗೆ ಬೀಗ ಹಾಕಿ, ಅವಳನ್ನು ಎಳೆದುಕೊಂಡೇ ಹೋದಳು. ದಾರಿಯುದ್ದಕ್ಕೂ, ಆಸ್ಪತ್ರೆಯ ಬೆಂಚಿನ ಮೇಲೂ, ಆ ಬಾಯಿಯಿಂದ ಒಂದು ಮಾತು ಹೊರಡಲಿಲ್ಲ. ಸ್ಕ್ಯಾನಿಂಗ್ ಕೋಣೆಯೊಳಗಿಂದ ಟೀಚರಮ್ಮನ ಕೂಗು ಕೇಳಿಸಿತು. ಇವಳೂ ತಡವಾಗಿಯೇ ಬಂದಿದ್ದಳು.

ತಿಂಗಳಾದ ಮೇಲೆ ಟೀಚರಮ್ಮ ಅವೇ ಗೌನುಗಳನ್ನು ಚೀಲದಲ್ಲಿ ಹಿಡಿದು ಬಂದಳು. "ಇವನ್ನ ಚಿಕ್ಕದು ಮಾಡ್ಕೊಡಿ ಅಕ್ಕ." ಇಳಿದುಹೋಗಿದ್ದಳು. ಟೈಲರಕ್ಕ ಹೊಲಿಗೆ ಬಿಚ್ಚತೊಡಗಿದಳು.

"ಹೊಕ್ಕುಳ ಬಳ್ಳಿ ಗಂಟಾಗಿತ್ತಂತೆ. ಮೆಟ್ಟಿಲು ಹತ್ತಿದ್ದಕ್ಕಾ, ನಿಂತ್ಕೊಂಡು ಪಾಠ ಮಾಡಿದ್ದಕ್ಕಾ ಅಂತ ಡಾಕ್ಟರಮ್ಮನ ತಲೆ ತಿಂದ್ಬಿಟ್ಟೆ. ನೀವು ಮಂಚ ಬಿಟ್ಟು ಇಳೀದೆ ಇದ್ದಿದ್ರೂ ಹೀಗೇ ಆಗ್ತಿತ್ತು ಅಂದ್ರು."

ಕತ್ತರಿ ನಿಂತಿತು.

"ಮೆಷಿನ್ ತುಳಿದಿದ್ರೆ?"

"ಏನಕ್ಕ?"

"ದಿನವಿಡೀ ಮೆಷಿನ್ ತುಳಿದಿದ್ರೆ? ಆವಾಗ್ಲೂ ಹಾಗೇ ಅಂತಿದ್ರಾ?"

ಟೀಚರಮ್ಮ ಅವಳ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿ ಗಂಟುಗಳ ಕೆಳಗೆ ಕಾಣುತ್ತಿದ್ದ ಕಬ್ಬಿಣದ ಕಾಲುಗಳನ್ನು ನೋಡಿದಳು. "ಮೆಷಿನ್ನಿಂದ ಅಂತ ಯಾರು ಹೇಳಿದ್ದು ನಿಮ್ಗೆ?"

"ನಮ್ಮತ್ತೆ."

"ಡಾಕ್ಟರನ್ನ ಕೇಳ್ಲಿಲ್ವಾ?"

"ಇಲ್ಲ. ಹೌದು ಅಂದ್ಬಿಟ್ರೆ ಅಂತ ಭಯ ಆಯ್ತು."

ಊರವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದವಳು, ತನ್ನದೊಂದು ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷ ನುಂಗಿಕೊಂಡು ಕೂತಿದ್ದಳು. ಟೀಚರಮ್ಮ ಎದ್ದಳು. "ನಾಳೆ ನಾನು ತೋರಿಸ್ಕೊಳ್ಳೋಕೆ ಹೋಗ್ಬೇಕು. ಜೊತೆಗೆ ಬನ್ನಿ. ಆವತ್ತು ನೀವು ಕರ್ಕೊಂಡು ಹೋದ್ರಿ, ನಾಳೆ ನಾನು."

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. "ಅಷ್ಟು ಹಿಂದಿನದಕ್ಕೆ ಕಾರಣ ಏನು ಅಂತ ನಾನು ಈಗ ಹೇಳೋಕಾಗಲ್ಲಮ್ಮ. ಆದ್ರೆ ಮೆಷಿನ್ ತುಳಿದ್ರೆ ಮಗು ಸಾಯಲ್ಲ. ಆ ಮಾತು ಸುಳ್ಳು."

"ಸರಿ" ಎಂದು ಟೈಲರಕ್ಕ ತಲೆಯಾಡಿಸಿ ಹೊರಗೆ ಬಂದಳು. ಅದೇ ಬೆಂಚಿನ ಮೇಲೆ ಕೂತಳು. ಮಗು ಹೋದಾಗ ಅವಳು ಅತ್ತಿರಲಿಲ್ಲ. ಕೊಂದವಳೇ ಅತ್ತರೆ ನೋಡಿದವರು ಏನಂದಾರು ಎಂದು ಅಳುವನ್ನೂ ನುಂಗಿದ್ದಳು. ಈಗ ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಟೀಚರಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಟೈಲರಕ್ಕ ಹೇಳಿದಳು, "ಹೆಣ್ಣುಮಗು ಕಣೇ. ಇಷ್ಟೇ ಇಷ್ಟು ಇತ್ತು. ಒಂದ್ಸಲ ಎತ್ಕೊಡಿ ಅಂತ ಕೇಳೋಕೂ ನಂಗೆ ಮುಖ ಇರ್ಲಿಲ್ಲ."