ನಾಲ್ಕನೇ ಶೀಟಿನ ಕಲ್ಲು

ಕೋವಿಡ್ ಮುಗಿದು ಆಸ್ಟ್ರೇಲಿಯಾದ ಬಾಗಿಲು ಮತ್ತೆ ತೆರೆದ ವರ್ಷ ನಾನು ಪರ್ತ್‌ನ ಕ್ಯಾನಿಂಗ್ ವೇಲ್ ಕೈಗಾರಿಕಾ ಪ್ರದೇಶದ ಒಂದು ಐಸ್ ರಿಂಕ್‌ನಲ್ಲಿ ಮುಖ್ಯ ರೆಫ್ರಿಜರೇಷನ್ ಟೆಕ್ನಿಷಿಯನ್ ಆಗಿದ್ದೆ. ಹೆಸರು ಫೆಲಿಕ್ಸ್, ಊರು ಕುಂದಾಪುರದ ಕಡೆ. ಅದಕ್ಕೆ ಮೊದಲು ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಂಡಿದ್ದವನು. ಕರ್ಲಿಂಗ್ ಆಟಕ್ಕೆ ಐಸ್ ಸಿದ್ಧಮಾಡಲು ಬಲ್ಲವರು ರಿಂಕ್‌ನಲ್ಲಿ ಯಾರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಕೆಲಸ ನನಗೇ ಬಿತ್ತು.

ಕರ್ಲಿಂಗ್ ಎಂದರೆ ಇಪ್ಪತ್ತು ಕಿಲೋ ಆಸುಪಾಸಿನ ಗ್ರಾನೈಟ್ ಕಲ್ಲನ್ನು ಐಸ್ ಮೇಲೆ ಜಾರಿಸಿ, ದೂರದ ವೃತ್ತದ ನಡುವೆ ನಿಲ್ಲಿಸುವ ಆಟ. ಆಡುವ ಉದ್ದನೆಯ ಪಟ್ಟಿಗೆ ಶೀಟ್ ಎನ್ನುತ್ತಾರೆ. ಆ ಐಸ್ ನುಣುಪಾಗಿರಬಾರದು. ಲವಣ ತೆಗೆದ ನೀರನ್ನು ಹನಿಹನಿಯಾಗಿ ಚಿಮುಕಿಸಿ, ಸಣ್ಣ ಸಣ್ಣ ಗುಳ್ಳೆಗಳಂತೆ ಹೆಪ್ಪುಗಟ್ಟಿಸಬೇಕು. ಕಲ್ಲಿನ ತಳದ ತೆಳ್ಳನೆಯ ಒಂದು ಬಳೆ ಮಾತ್ರ ಆ ಗುಳ್ಳೆಗಳ ಮೇಲೆ ಓಡುತ್ತದೆ. ಮೇಜಿನ ಮೇಲೆ ಲೋಟವನ್ನು ಬಲಕ್ಕೆ ತಿರುಗಿಸಿ ಜಾರಿಸಿದರೆ ಅದು ಎಡಕ್ಕೆ ಬಾಗುತ್ತದೆ. ಈ ಕಲ್ಲು ಬಲಕ್ಕೇ ಬಾಗುತ್ತದೆ. ಯಾಕೆಂದು ವಿಜ್ಞಾನಿಗಳು ಈಗಲೂ ಜಗಳವಾಡುತ್ತಿದ್ದಾರಂತೆ. ಕಲ್ಲಿನ ಮುಂದೆ ಓಡುತ್ತಾ ಬ್ರಷ್‌ನಿಂದ ಐಸ್ ಉಜ್ಜುವವರನ್ನು ನೋಡಿ ನಾನು ಮೊದಮೊದಲು ನಕ್ಕಿದ್ದೆ. ಉಜ್ಜಿದ ಬಿಸಿಗೆ ಐಸಿನ ಮೇಲ್ಪದರ ಮಾತ್ರ ಕೂದಲೆಳೆಯಷ್ಟು ಕರಗಿ, ಜಾರಿಕೆ ಹೆಚ್ಚಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ಇದನ್ನೆಲ್ಲ ನನಗೆ ಕಲಿಸಿದವರು ವಿಲೆಟನ್‌ನ ವಸುಧಾ ಮೇಡಂ. ಮೈಸೂರಿನಲ್ಲಿ ಗಣಿತದ ಟೀಚರ್ ಆಗಿದ್ದವರು, ಇಲ್ಲಿ ಒಂದು ತಂಡದ ನಾಯಕಿ. ಒಮ್ಮೆ ಓಡುತ್ತಿದ್ದ ಕಲ್ಲಿಗೆ ಅವರ ಬ್ರಷ್ ಸೋಕಿತು. ಯಾರೂ ನೋಡಿರಲಿಲ್ಲ. ಅವರೇ ಕೈ ಎತ್ತಿ ಹೇಳಿ, ಆ ಕಲ್ಲನ್ನು ತೆಗೆಸಿ, ಆಟ ಸೋತರು. ಕರ್ಲಿಂಗ್‌ನಲ್ಲಿ ಮುಟ್ಟಿದವರೇ ಹೇಳಬೇಕು, ಅದು ಪದ್ಧತಿ. ನನಗೋ ಅದು ಶುದ್ಧ ಪೆದ್ದುತನವಾಗಿ ಕಂಡಿತ್ತು.

ಬೇಸಗೆಯ ಒಂದು ಶನಿವಾರ ಕ್ಲಬ್‌ನ ಫೈನಲ್ ಇತ್ತು. ಅದಕ್ಕೆ ಎರಡು ವಾರ ಮೊದಲು ಮೇಡಂ ಒಂದು ಚೀಟಿ ಹಿಡಿದು ಬಂದರು. ಸ್ಟಾಪ್‌ವಾಚ್ ಇಟ್ಟುಕೊಂಡು ಮೂವತ್ತು ಕಲ್ಲು ಬಿಟ್ಟು, ಪ್ರತಿಯೊಂದೂ ಎಲ್ಲಿ ನಿಂತಿತೆಂದು ಅದರಲ್ಲಿ ಬರೆದಿದ್ದರು.

"ಫೆಲಿಕ್ಸ್ ಅವರೇ, ನಾಲ್ಕನೇ ಶೀಟಿನ ಆ ತುದೀಲಿ ಕಲ್ಲು ಒಂದು ಮಾರು ಮುಂಚೇನೇ ನಿಂತ್‌ಬಿಡ್ತಿದೆ. ಕೆಲವು ಸಲ ನಾವು ಬೇಕಂತಲೇ ಪಾಯಿಂಟ್ ಬಿಟ್ಟು, ಕೊನೇ ಕಲ್ಲು ಬಿಡೋ ಅವಕಾಶಾನ ಮುಂದಿನ ಸುತ್ತಿಗೆ ಉಳಿಸ್ಕೋತೀವಿ. ಐಸ್ ನಂಬೋ ಹಾಗಿಲ್ದಿದ್ರೆ ಆ ಲೆಕ್ಕ ಎಲ್ಲಾ ಹಾಳು. ಕೆಳಗೇನೋ ಆಗಿದೆ."

"ಎಂತದೂ ಆಗ್ಲಿಲ್ಲ ಮೇಡಂ. ಗೇಜ್ ಸರಿ ಇದೆ. ಕಲ್ಲು ನಿಮ್ಮದು, ಪೈಪು ನನ್ನದು" ಎಂದೆ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಲಾಗ್ ಬುಕ್ಕಿನಲ್ಲಿ ಬರೆಯಲಿಲ್ಲ.

ಗೇಜ್ ಸರಿಯಾಗಿಯೇ ಇತ್ತು. ನೆಲದಡಿಯ ಪೈಪುಗಳಲ್ಲಿ ಬ್ರೈನ್, ಅಂದರೆ ತಂಪಾದ ಉಪ್ಪುನೀರು ಹರಿಯುತ್ತದೆ. ಅದನ್ನು ಚಿಲ್ಲರ್‌ನಲ್ಲಿ ತಣಿಸುವುದು ಅಮೋನಿಯಾ. ಎಲ್ಲ ಪೈಪುಗಳ ನೀರೂ ಬೆರೆತು ಹಿಂದಿರುಗುವ ದೊಡ್ಡ ಪೈಪಿನಲ್ಲಿ, ಅಂದರೆ ಹೆಡರ್‌ನಲ್ಲಿ, ನನ್ನ ಥರ್ಮಾಮೀಟರ್ ಇತ್ತು. ಒಂದು ಪೈಪಿನಲ್ಲಿ ಗಾಳಿ ಕಟ್ಟಿಕೊಂಡು ಅಲ್ಲಿನ ಐಸ್ ಮೆತ್ತಗಾದರೆ ಅದು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಕಲ್ಲಿಗೆ ಸರಾಸರಿ ಗೊತ್ತಿಲ್ಲ, ಮೆತ್ತಗಿದ್ದಲ್ಲಿ ಗುಳ್ಳೆಗಳು ಕುಸಿದು ಅದು ನಿಲ್ಲುತ್ತದೆ.

ಫೈನಲ್ ದಿನ ಆ ತುದಿಯ ಐಸ್ ಬರಿಗಣ್ಣಿಗೇ ಮಂಕಾಗಿ ಕಂಡಿತು. ಆಟಕ್ಕೆ ಒಂದು ಗಂಟೆ ಬಾಕಿ. ನನ್ನ ಸಹಾಯಕ ಲೋಕೇಶನನ್ನು ಕರೆದೆ. ಅವನೂ ಮೈಸೂರಿನವನು, ಮೂವತ್ತನಾಲ್ಕು ವರ್ಷ, ಹೆಂಡತಿ ಮಮತಾ ಜೊತೆ ಹ್ಯಾರಿಸ್‌ಡೇಲ್‌ನಲ್ಲಿ ಮನೆ.

"ಗಾಳಿ ಕಟ್ಟಿದೆ ಮಾರಾಯ. ಹೆಡರ್‌ನ ವಾಲ್ವ್ ಬಿಟ್ಟು ತೆಗೆದುಬಿಡು."

"ಟೆಸ್ಟ್ ಪೇಪರ್ ಹಾಕಿ ನೋಡ್ಬಿಡ್ಲಾ ಅಂಕಲ್? ಹತ್ತು ನಿಮಿಷ ಅಷ್ಟೇ."

ಬ್ರೈನ್‌ಗೆ ಅಮೋನಿಯಾ ಸೇರಿದೆಯೇ ಎಂದು ಬಣ್ಣದಲ್ಲಿ ತೋರಿಸುವ ಕಾಗದ ಅದು. "ಅಷ್ಟರಲ್ಲಿ ಆಟವೇ ಶುರುವಾಗ್ತದೆ" ಎಂದು ಗದರಿದೆ. ಅವನು ಮಾಸ್ಕ್ ಇಲ್ಲದೆ ಹೋದ. ಗಾಳಿ ತೆಗೆಯಲು ಯಾರೂ ಮಾಸ್ಕ್ ಹಾಕುತ್ತಿರಲಿಲ್ಲ.

ಕಿರುಚಾಟ ಕೇಳಿಸಲಿಲ್ಲ, ಒಂದು ಕೆಮ್ಮು ಕೇಳಿಸಿತು. ಚಿಲ್ಲರ್ ಒಳಗೆ ತೂತಾಗಿ ಅಮೋನಿಯಾ ದಿನಗಟ್ಟಲೆ ಬ್ರೈನ್ ಸೇರುತ್ತಿತ್ತು. ಪೈಪಿನಲ್ಲಿ ಕಟ್ಟಿದ್ದು ಗಾಳಿಯಲ್ಲ, ಅದೇ ಅಮೋನಿಯಾ; ವಾಲ್ವ್ ಬಿಟ್ಟೊಡನೆ ಅವನ ಮುಖಕ್ಕೇ ಹೊಡೆದಿತ್ತು. ಅಲಾರ್ಮ್ ಕೂಗುತ್ತಿದ್ದಂತೆ ಮಾಸ್ಕ್ ಹಾಕಿಕೊಂಡು ಅವನನ್ನು ಹೊರಗೆಳೆದೆ. ಶವರ್ ಕೆಳಗೆ ಕೂರಿಸಿ, ಆಂಬುಲೆನ್ಸ್ ಬರುವವರೆಗೆ ನನ್ನ ಬೆರಳುಗಳಿಂದ ಅವನ ರೆಪ್ಪೆ ಅಗಲಿಸಿ ಹಿಡಿದಿದ್ದೆ. "ದೀಪ ಆರಿಸಿದ್ದೀರಾ ಅಂಕಲ್?" ಎಂದು ಕೇಳಿದ. ಹೊರಗೆ ಮಟಮಟ ಮಧ್ಯಾಹ್ನ.

ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬೆಳಕಿದೆಯೋ ಇಲ್ಲವೋ ಎಂಬಷ್ಟು ಮಾತ್ರ ಗೊತ್ತಾಗುತ್ತದೆ.

ಕಾರ್ಮಿಕ ಸುರಕ್ಷತಾ ಇಲಾಖೆಯ ವಿಚಾರಣೆಯ ದಿನ ರಿಂಕ್‌ನ ಮ್ಯಾನೇಜರ್ ನನ್ನನ್ನು ಕಾರ್ ಪಾರ್ಕಿನಲ್ಲಿ ನಿಲ್ಲಿಸಿಕೊಂಡು, ಮಾಸ್ಕ್ ಹಾಕದೆ ವಾಲ್ವ್ ಬಿಟ್ಟವನು ಲೋಕೇಶ್, ಅಷ್ಟು ಹೇಳಿದರೆ ಸಾಕು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮಾತು ಸುಳ್ಳಲ್ಲ. ಹಾಗೆ ಹೇಳಿದ್ದರೆ ನನ್ನ ಲೈಸೆನ್ಸ್ ಉಳಿಯುತ್ತಿತ್ತು. ಕುರುಡನಾದವನ ಮೇಲೆಯೇ ತಪ್ಪೂ ಕೂರುತ್ತಿತ್ತು. ನಾನು ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

"ಮೊದಲೇ ಏನಾದರೂ ಸೂಚನೆ ಇತ್ತೇ?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ಯಾರೂ ನೋಡದ ಕಲ್ಲಿಗೆ ಕೈ ಎತ್ತಿದ ಮೇಡಂ ನೆನಪಾದರು. ಚೀಟಿ ತೆಗೆದು ಮೇಜಿನ ಮೇಲಿಟ್ಟೆ. "ಇತ್ತು. ಟೆಸ್ಟ್ ಬೇಡ ಎಂದವನೂ ನಾನೇ" ಎಂದೆ. ಕೆಲಸ ಹೋಯಿತು, ಲೈಸೆನ್ಸೂ ಹೋಯಿತು. ಲೋಕೇಶನ ಹೆಸರಿನ ಮೇಲೆ ತಪ್ಪು ಬರಲಿಲ್ಲ.

ಅವನ ಮನೆಗೆ ಹೋದಾಗ, ಸತ್ಯ ಹೇಳಿದವನೆಂಬ ಸಣ್ಣದೊಂದು ಹೆಮ್ಮೆ ನನ್ನೊಳಗಿತ್ತು. ಮಮತಾ ಕಾಫಿ ಕೊಟ್ಟು ಒಳಗೆ ಹೋದಳು. ಲೋಕೇಶ್ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ.

"ಎಲ್ಲಾ ಹೇಳಿದ್ರಂತೆ ಅಂಕಲ್. ಒಳ್ಳೇದಾಯ್ತು. ಆದ್ರೆ ಆ ಚೀಟಿ ಎರಡು ವಾರ ನಿಮ್ ಜೇಬಲ್ಲೇ ಇತ್ತಲ್ವಾ? ನಂಗ್ಯಾಕೆ ತೋರಿಸ್ಲಿಲ್ಲ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಟದಲ್ಲಾದರೆ ಮುಟ್ಟಿದ ಕಲ್ಲನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಬಿಡುತ್ತಾರೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಏನೋ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಪರೀಕ್ಷಿಸಬೇಕು, ವಾದ ಆಮೇಲೆ. ಅದಕ್ಕೆ ಹತ್ತು ನಿಮಿಷ ಸಾಕಿತ್ತು.